ಹೆರಿಗೆಯಾಗಿ ಐದು ವರ್ಷದ ಮೇಲೆ ಕೊಂಡ ಬಿಪಿ ಮಷಿನ್

ಕಲಬುರಗಿ ಸೂಪರ್ ಮಾರ್ಕೆಟ್‌ನ ಒಂದು ಮೆಡಿಕಲ್‌ನಲ್ಲಿ ಈ ಮಷಿನ್ ಕೊಂಡು ವರ್ಷದ ಮೇಲಾಯಿತು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ಬಿಪಿ ತೋರಿಸುತ್ತದೆ. 2,200 ರೂಪಾಯಿ ಕೊಟ್ಟೆ.

ಯಾಕೆ ಕೊಂಡೆ ಅನ್ನೋದು ಮೊದಲು ಹೇಳಬೇಕು. 2018ರಲ್ಲಿ ಮಗಳು ಹೊಟ್ಟೆಯಲ್ಲಿದ್ದಾಗ, ಎಂಟನೇ ತಿಂಗಳಿಗೆ ನನ್ನ ಬಿಪಿ 160/110 ಆಗಿತ್ತು. ಕಾಲುಂಗುರ ತೆಗೆಯಲು ಬರದಷ್ಟು ಬೆರಳು ಬಾತಿದ್ದವು. ಮೂತ್ರದಲ್ಲಿ ಪ್ರೋಟೀನ್ ಬಂತು. ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರುವ ಕಾಯಿಲೆ ಅಂದರು, ಸಿಸೇರಿಯನ್ ಮಾಡಿದರು. ಆರು ವಾರದಲ್ಲಿ ಬಿಪಿ ಇಳಿದು ಮಾತ್ರೆ ನಿಂತಿತು. "ಹಡದ ಮ್ಯಾಲ ಎಲ್ಲಾ ಹೋತು ಬಿಡವ್ವ" ಅಂದರು ಅತ್ತೆ. ಮುಂದೆಯೂ ನೋಡಿಸ್ತಾ ಇರಿ ಅಂತ ಆಸ್ಪತ್ರೆಯಲ್ಲಿ ಒಬ್ಬರೂ ಹೇಳಲಿಲ್ಲ.

ಐದು ವರ್ಷ ಆದಮೇಲೆ ಹಲ್ಲು ಕೀಳಿಸಲು ಹೋದೆ. ಅಲ್ಲಿ ನೋಡಿದರೆ 150/96. ಅವರು ಕಳಿಸಿದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ "ಬಸುರಿದ್ದಾಗ ಬಿಪಿ ಇತ್ತಾ?" ಅಂತ. ಹಾಗಾದವರಿಗೆ ಮುಂದೆ ಹೃದಯದ ಕಾಯಿಲೆ, ಲಕ್ವಾ ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿಯಂತೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2011ರಲ್ಲೇ ಇದನ್ನು ಹೆಂಗಸರ ಹೃದಯಕ್ಕೆ ಅಪಾಯ ತರುವ ಕಾರಣಗಳ ಪಟ್ಟಿಗೆ ಸೇರಿಸಿದೆ. ನನ್ನ ಹೆರಿಗೆಗಿಂತ ಏಳು ವರ್ಷ ಮೊದಲು! ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಷಿನ್ ವಿಷಯಕ್ಕೆ ಬರ್ತೀನಿ. ಮೊದಲ ಹದಿನೈದು ದಿನ ಸುಮ್ನೆ ಹೆದರಿದೆ. ಡಾಕ್ಟರಮ್ಮ ಕೊಟ್ಟ ಮಾತ್ರೆ ತಗೊಂಡರೂ ಮೇಲಿನ ಅಂಕಿ 150ಕ್ಕಿಂತ ಕೆಳಗೆ ಬರಲೇ ಇಲ್ಲ. ಡಾಕ್ಟರಮ್ಮ ಮಷಿನನ್ನೇ ತರಿಸಿಕೊಂಡು, ಅದೇ ತೋಳಿಗೆ ತಮ್ಮದನ್ನೂ ಕಟ್ಟಿದರು. ಅವರದರಲ್ಲಿ 138, ನನ್ನದರಲ್ಲಿ 151. ಡ್ರಾಯರ್‌ನಿಂದ ಟೇಪ್ ತೆಗೆದು ತೋಳು ಅಳೆದರು. 34 ಸೆಂ.ಮೀ. ಪೆಟ್ಟಿಗೆಯಲ್ಲಿ ಬಂದ ಪಟ್ಟಿ 22ರಿಂದ 32ರವರೆಗಿನ ತೋಳಿಗೆ. ಪಟ್ಟಿ ಚಿಕ್ಕದಾದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಂಗಡಿಯಲ್ಲಿ ಯಾರೂ ತೋಳಿನ ಅಳತೆ ಕೇಳಿರಲಿಲ್ಲ. ದೊಡ್ಡ ಪಟ್ಟಿಗೆ ಮತ್ತೆ 750 ರೂಪಾಯಿ ಹೋಯಿತು. ಆದರೆ ಅದು ಬಂದಮೇಲೆ ಡಾಕ್ಟರಮ್ಮನ ಮಷಿನ್‌ಗೂ ಇದಕ್ಕೂ ಎರಡು ಮೂರು ಅಂಕಿಯಷ್ಟೇ ವ್ಯತ್ಯಾಸ. ಮಣಿಕಟ್ಟಿಗೆ ಕಟ್ಟುವಂಥದ್ದು ಅಗ್ಗ, ಆದರೆ ಅದು ಬೇಡವೇ ಬೇಡ ಅಂದರು.

ಬೆಳಿಗ್ಗೆ ಚಹಾ ಕುಡಿಯೋಕೆ ಮೊದಲು, ಮೂತ್ರಕ್ಕೆ ಹೋಗಿ ಬಂದು, ಕುರ್ಚಿಗೆ ಒರಗಿ ಐದು ನಿಮಿಷ ಕೂಡುತ್ತೇನೆ. ಕಾಲು ನೆಲಕ್ಕೆ ಊರಿರಬೇಕು, ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಮಾತಾಡಬಾರದು. ಮಗಳಿಗೆ ಇದೇ ಕಷ್ಟ, "ಮಮ್ಮಿ, ಎಷ್ಟು ಬಂತು?" ಅಂತ ಪಕ್ಕದಲ್ಲೇ ಕುಣಿಯುತ್ತಿರುತ್ತಾಳೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮನೆಯಲ್ಲಿ 135/85 ದಾಟುತ್ತಾ ಹೋದರೆ ಡಾಕ್ಟರಿಗೆ ತೋರಿಸಬೇಕು.

ಶೇಂಗಾ ಹಿಂಡಿ, ಉಪ್ಪಿನಕಾಯಿ ಎರಡೂ ಇಲ್ಲದೆ ರೊಟ್ಟಿ ಇಳಿಯದ ಮನೆ ನಮ್ಮದು. ಈಗ ಹಿಂಡಿಗೆ ಉಪ್ಪು ಅರ್ಧ, ಉಪ್ಪಿನಕಾಯಿ ವಾರಕ್ಕೊಮ್ಮೆ. ಹೋದ ತಿಂಗಳ ಪುಟದಲ್ಲಿ ಜಾಸ್ತಿ ದಿನ 124, 126 ಅಂತಲೇ ಇದೆ.

ದೂರು ಒಂದೇ. ಅಂಕಿ ಕಾಣುವ ಪರದೆಗೆ ಒಳಗಿಂದ ಬೆಳಕಿಲ್ಲ, ಕರೆಂಟ್ ಹೋದರೆ ಟಾರ್ಚ್ ಹಿಡಿಯಬೇಕು.

ನಾದಿನಿಗೂ ಬಸುರಿನಲ್ಲಿ ಬಿಪಿ ಆಗಿತ್ತು. ಕಳೆದ ವಾರ ಅವಳಿಗೂ ಇಂಥದ್ದೇ ಕೊಡಿಸಿದೆ. ಅಂಗಡಿಗೆ ಟೇಪ್ ನಾವೇ ಒಯ್ದಿದ್ದೆವು. ಅವಳ ತೋಳು 27, ಪೆಟ್ಟಿಗೆಯ ಪಟ್ಟಿಯೇ ಸಾಕಾಯಿತು.