ಮೇಲೆ ಬರುವಾಗ ಅವಸರಪಡಿಸುವವರ ಜೊತೆ ಇಳಿಯಬೇಡಿ

ಸ್ಕೂಬಾ ಡೈವಿಂಗ್‌ಗೆ ಹೊರಟವರು ದಯವಿಟ್ಟು ಇದನ್ನು ಓದಿ. ನಮ್ಮನ್ನು ಕರೆದೊಯ್ದ ಮಾರ್ಗದರ್ಶಕ 20 ಮೀಟರ್ ಆಳಕ್ಕೆ ಇಳಿಸುವವರೆಗೂ ಎಲ್ಲವನ್ನೂ ಅಚ್ಚುಕಟ್ಟಾಗಿಯೇ ಮಾಡಿದ. ಎಡವಟ್ಟಾದದ್ದು ಮೇಲೆ ಬರುವಾಗ.

ನನ್ನ ಗೆಳತಿಯ ಸಿಲಿಂಡರ್‌ನಲ್ಲಿ ಗಾಳಿಯ ಒತ್ತಡ 50 ಬಾರ್‌ಗಿಂತ ಕೆಳಗಿಳಿದಿತ್ತು, ಅಂದರೆ ಗಾಳಿ ಮುಗಿಯುತ್ತಾ ಬಂದಿತ್ತು. ತನ್ನ ಹೆಚ್ಚುವರಿ ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ಕೊಟ್ಟು ಆತ ಅವಳನ್ನು ನಿಧಾನವಾಗಿ ಕರೆತರಬಹುದಿತ್ತು. ಹಾಗೆ ಮಾಡದೆ ತೇಲಲು ಗಾಳಿ ತುಂಬಿಕೊಳ್ಳುವ ಅವಳ ಡೈವಿಂಗ್ ಜಾಕೆಟ್‌ನ ಗುಂಡಿ ಒತ್ತಿ ಗಾಳಿ ತುಂಬಿದ. ಆಳ ಕಡಿಮೆಯಾದಂತೆ ನೀರಿನ ಒತ್ತಡ ಇಳಿದು ಜಾಕೆಟ್‌ನೊಳಗಿನ ಗಾಳಿ ತಾನಾಗಿ ಹಿಗ್ಗುತ್ತದೆ. ಹಿಗ್ಗಿದಷ್ಟೂ ವೇಗ ಏರುತ್ತದೆ. ಆ ಗಾಳಿಯನ್ನು ಆಗಾಗ ಹೊರಬಿಡುತ್ತಾ ಬರಬೇಕು. ಆತನ ಬೆರಳು ಗುಂಡಿಯ ಮೇಲೆಯೇ ಇತ್ತು. ಆಳ, ಏರುವ ವೇಗ ಅಳೆಯುವ ಅವಳ ಮಣಿಕಟ್ಟಿನ ಡೈವ್ ಕಂಪ್ಯೂಟರ್ ಒಂದೇ ಸಮನೆ ಕೂಗುತ್ತಿದ್ದುದು ನನಗೂ ಕೇಳಿಸುತ್ತಿತ್ತು. ನಿಮಿಷಕ್ಕೆ 9 ಮೀಟರ್ ಮೀರದಂತೆ ಏರಿ, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕೆಂದು ಕಲಿತದ್ದೆಲ್ಲ ನೀರುಪಾಲಾಯಿತು.

ಆ ನಿಲುಗಡೆ ಶಾಸ್ತ್ರಕ್ಕಿರುವುದಲ್ಲ. ಆಳದಲ್ಲಿ ದೇಹದೊಳಗೆ ಕರಗಿದ ಸಾರಜನಕ ಉಸಿರಿನ ಮೂಲಕ ಹೊರಹೋಗಲು ಸಮಯ ಬೇಕು. ಸಮಯ ಕೊಡದಿದ್ದರೆ ಅದು ರಕ್ತದಲ್ಲಿ, ಅಂಗಾಂಶಗಳಲ್ಲಿ ಗುಳ್ಳೆಗಟ್ಟುತ್ತದೆ. ಇದಕ್ಕಿಂತ ಭಯಂಕರವಾದದ್ದು ಗಾಬರಿಯಲ್ಲಿ ಉಸಿರು ಬಿಗಿಹಿಡಿಯುವುದು. 10 ಮೀಟರ್‌ನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಗಾಳಿಯ ಗಾತ್ರ ಇಮ್ಮಡಿಯಾಗುತ್ತದೆ, ಶ್ವಾಸಕೋಶವೇ ಹರಿಯಬಹುದು. ನನ್ನ ಗೆಳತಿ ಉಸಿರಾಡುತ್ತಲೇ ಬಂದಳು, ಅಷ್ಟರಮಟ್ಟಿಗೆ ಬದುಕಿಕೊಂಡಳು.

ದೋಣಿಯಲ್ಲಿ ಅವಳ ಮೊಣಕೈ ನೋಯತೊಡಗಿತು, ಬೆರಳುಗಳು ಜೋಮು ಹಿಡಿದವು. "ಸುಸ್ತು ಅಷ್ಟೇ, ನೀರು ಕುಡಿದು ಮಲಗಿ" ಎಂದ ಆತ. ನನಗೆ ಇಂದಿಗೂ ಸಿಟ್ಟಿರುವುದು ಈ ಮಾತಿನ ಮೇಲೆ. ಆಕ್ಸಿಜನ್ ಕೊಡಿ ಎಂದರೆ ಪೆಟ್ಟಿಗೆಯಲ್ಲಿ ಸಿಲಿಂಡರ್ ಇತ್ತು, ಮಾಸ್ಕ್ ಇರಲಿಲ್ಲ. ದಡ ಸೇರಿದ ಮೇಲೆ ನಾವೇ ಆಸ್ಪತ್ರೆ ಹುಡುಕಿ, ಒತ್ತಡದ ಕೋಣೆಯಲ್ಲಿ ಆಕ್ಸಿಜನ್ ಚಿಕಿತ್ಸೆ ಕೊಡಿಸಿದೆವು. ಅವಳು ಗುಣವಾದಳು.

ಹಣ ಕಟ್ಟುವ ಮೊದಲು ಆಕ್ಸಿಜನ್ ಪೆಟ್ಟಿಗೆಯನ್ನು ತೆರೆದು ತೋರಿಸಲು ಹೇಳಿ. ಗಾಳಿ ಎಷ್ಟಕ್ಕೆ ಇಳಿದಾಗ ಮೇಲೇರಲು ಶುರುಮಾಡುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳಿ. ಜಾಕೆಟ್‌ನ ಗಾಳಿ ಬಿಡುವ ಗುಂಡಿ ಎಲ್ಲಿದೆಯೆಂದು ಕಣ್ಣುಮುಚ್ಚಿಯೂ ನಿಮ್ಮ ಕೈಗೆ ಗೊತ್ತಿರಲಿ. ಒಂದೇ ಡೈವ್ ಮಾಡಿದ್ದರೂ ಕನಿಷ್ಠ 12 ಗಂಟೆ, ಹಲವು ಮಾಡಿದ್ದರೆ 18 ಗಂಟೆ ವಿಮಾನ ಹತ್ತಬೇಡಿ. ಮೇಲೆ ಬಂದ ನಂತರ ಕೀಲು ನೋವು, ಜೋಮು, ತಲೆಸುತ್ತು ಯಾವುದೇ ಕಾಣಿಸಿಕೊಂಡರೂ ಬೆಳಗಿನವರೆಗೆ ಕಾಯದೆ ಆಗಲೇ ವೈದ್ಯರ ಬಳಿ ಹೋಗಿ, ಡೈವ್ ಮಾಡಿದ್ದನ್ನು ಮೊದಲು ಹೇಳಿ.