ಹೆಂಚು, ಶೀಟು, ಇಲ್ಲಾ ಎರಡೂ? ಕಾಣಕೋಣದ ಮಳೆಗೆ ಯಾವ ಮಾಡು

ನಮ್ಮ ಮನೆಗೆ ಇರುವುದು ಒಂದು ಮಾಡು (ಛಾವಣಿ) ಅಲ್ಲ, ಮೂರು. ನಡುಮನೆಯ ಮೇಲೆ ಮಂಗಳೂರು ಹೆಂಚು. ಅಡುಗೆಮನೆಗೂ ಹಿಂದಿನ ಜಗಲಿಗೂ ಬಣ್ಣದ ತಗಡಿನ ಶೀಟು. ಬಾಗಿಲ ಮುಂದೆ ಕೂರುವ ಜಗಲಿಗೆ ಇಲ್ಲಿ ಬಲ್ಕಾಂವ್ ಅನ್ನುತ್ತಾರೆ. ಆ ಬಲ್ಕಾಂವ್‌ಗೆ ಕೆಳಗೆ ಶೀಟು, ಅದರ ಮೇಲೆ ಹೆಂಚು. ಕೈಯಲ್ಲಿ ದುಡ್ಡು ಬಂದಂತೆಲ್ಲ ಒಂದೊಂದು ಭಾಗ ಮಾಡಿಸಿದ್ದು. ಹಾಗಾಗಿ ಅದೇ ಮಳೆ, ಅದೇ ಗಾಳಿಗೆ ಮೂರೂ ಹೇಗೆ ನಿಲ್ಲುತ್ತವೆ ಅಂತ ಕಣ್ಣಾರೆ ನೋಡಿದ್ದೇವೆ.

ಕಾಣಕೋಣ ಗೋವಾದ ದಕ್ಷಿಣದ ತುದಿ. ನಮಗೆ ಪಣಜಿಗಿಂತ ಕಾರವಾರವೇ ಹತ್ತಿರ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅದಕ್ಕೇ ಮಾಡು ಬದಲಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಬೆಲೆ ಹೇಳುವುದಿಲ್ಲ. ಜುಲೈ ಮಳೆಯಲ್ಲಿ ಅದು ಕೆಟ್ಟರೆ ಯಾರು ಹತ್ತುತ್ತಾರೆ, ಎಷ್ಟು ಹೊತ್ತಿನಲ್ಲಿ ಸರಿಯಾಗುತ್ತದೆ ಅಂತ ಕೇಳುತ್ತೇನೆ.

ಆ ಲೆಕ್ಕದಲ್ಲಿ ಹೆಂಚು ಮುಂದಿದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು. ಈ ಕರಾವಳಿಯಲ್ಲಿ ಆ ಹೆಂಚು ಇವತ್ತಿಗೂ ಉಳಿದಿರುವುದು ಚಂದಕ್ಕೆ ಮಾತ್ರ ಅಲ್ಲ. ತೆಂಗಿನಕಾಯಿ ಬಿದ್ದರೆ ಒಡೆಯುವುದು ನಾಲ್ಕೈದು ಹೆಂಚು. ಮಂಗ ಕುಣಿದರೆ ಒಂದೆರಡು ಜರುಗುತ್ತವೆ. ಮಳೆ ಸ್ವಲ್ಪ ಬಿಟ್ಟಾಗ ಒಬ್ಬರು ಏಣಿ ಹತ್ತಿ, ಒಡೆದದ್ದನ್ನು ತೆಗೆದು ಬೇರೆಯದನ್ನು ಜಾರಿಸಿದರೆ ಮುಗಿಯಿತು. ಉಳಿದ ಮಾಡನ್ನು ಮುಟ್ಟುವ ಕೆಲಸವೇ ಇಲ್ಲ. ಮೇ ತಿಂಗಳ ಸೆಕೆಯಲ್ಲಿ ಹೆಂಚಿನ ಸಂದುಗಳಿಂದ ಬಿಸಿಗಾಳಿ ಹೊರಗೆ ಹೋಗುತ್ತದೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಶೀಟಿನ ಕೆಳಗೆ ನಿಂತು ರೊಟ್ಟಿ ಬಡಿಯುವುದು ಬೇಡವೇ ಬೇಡ ಅನ್ನಿಸುತ್ತದೆ.

ಆದರೆ ಹೆಂಚು ಭಾರ. ಒಂದೊಂದು ಎರಡರಿಂದ ಮೂರು ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು ಹದಿನೈದು ಬೇಕು, ಅಂದರೆ 35-40 ಕಿಲೋ. ನೆನೆದರೆ ಇನ್ನೂ ಜಾಸ್ತಿ. ಅರ್ಧ ಮಿಲಿಮೀಟರ್ ದಪ್ಪದ ಶೀಟು ಅಷ್ಟೇ ಜಾಗಕ್ಕೆ ಐದು ಕಿಲೋ ಕೂಡ ಬರುವುದಿಲ್ಲ. ಈ ಭಾರವನ್ನು ಹೊರುವುದು ಪಕಾಸು (ಇಳಿಜಾರಿನ ತೊಲೆ), ರೀಪು (ಅದರ ಮೇಲಿನ ಅಡ್ಡಪಟ್ಟಿ). ಅವು ಗೆದ್ದಲು ಹಿಡಿದ ಮರದವಾದರೆ ಹೊಸ ಹೆಂಚು ಹೊದಿಸಿ ಏನೂ ಪ್ರಯೋಜನವಿಲ್ಲ. ನಾವು ನಡುಮನೆಗೆ ಮರ ಬಿಟ್ಟು ಕಬ್ಬಿಣದ ಪೈಪಿನ ಫ್ರೇಮ್ ಹಾಕಿಸಿದೆವು. ನೋಡಲು ಮರದಷ್ಟು ಚೆನ್ನಾಗಿಲ್ಲ, ಒಪ್ಪುತ್ತೇನೆ. ಬೆಸುಗೆ ಹಾಕಿದ ಜಾಗಕ್ಕೆಲ್ಲ ತುಕ್ಕು ಹಿಡಿಯದ ಪೈಂಟ್ ಬಳಿಯಲೇಬೇಕು. ಹಳೆಯ ಹೆಂಚಿನಲ್ಲಿ ಗಟ್ಟಿಯಿದ್ದವನ್ನು ಆರಿಸಿ ಮತ್ತೆ ಅದೇ ಮಾಡಿಗೆ ಹಾಕಿಸಿದೆವು. ಬೆರಳಿನಿಂದ ತಟ್ಟಿದರೆ ಠಣ್ ಅನ್ನಬೇಕು. ಮಂಕಾಗಿ ಸದ್ದು ಬಂದರೆ ಬಿರುಕಿದೆ ಅಂತಲೇ.

ಹೆಂಚಿನ ಇನ್ನೊಂದು ತೊಂದರೆ ಜನರದ್ದು. ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು, ಅಂದರೆ ಜರುಗಿದ್ದನ್ನು ಸರಿಸಿ ಒಡೆದದ್ದನ್ನು ಬದಲಿಸಬೇಕು, ಎಲೆ ಕಸ ತೆಗೆಯಬೇಕು. ಆ ಕೆಲಸ ಬಲ್ಲವರು ಈಗ ಕಡಿಮೆ. ಇದ್ದವರಿಗೂ ಏಪ್ರಿಲ್‌ನಲ್ಲಿ ಊರಿಡೀ ಕರೆ.

ಶೀಟಿನ ದೊಡ್ಡ ಗುಣ ವೇಗ. ಹಿಂದಿನ ಜಗಲಿಗೆ ಬೆಳಿಗ್ಗೆ ಶುರು ಮಾಡಿ ಸಂಜೆಗೆ ಮುಗಿಸಿದರು. ಇಳಿಜಾರು ಕಡಿಮೆ ಇದ್ದರೂ ನಡೆಯುತ್ತದೆ, ಹೆಂಚಿಗೆ ಹಾಗಾಗದು. ಮಂಗದ ಕಾಟವಿಲ್ಲ, ವರ್ಷ ವರ್ಷ ಕೈಯಾಡಿಸುವ ಗೋಜಿಲ್ಲ. ಜೋರು ಮಳೆ ಬಂದರೆ ಮಾತ್ರ ಅಡುಗೆಮನೆಯಿಂದ ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸುವುದಿಲ್ಲ.

ಗಾಳಿಗೆ ಶೀಟಿನ ಹಗುರವೇ ಅದರ ಶತ್ರು. ಗಾಳಿ ಮಾಡನ್ನು ಕೆಳಗೆ ಒತ್ತುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಇಳಿಜಾರು ಕಡಿಮೆಯಿರುವ ಮಾಡನ್ನು ಅದು ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಎಲ್ಲಕ್ಕಿಂತ ಜೋರಾಗಿ ಹೀರುವುದು ಸೂರಿನ ಅಂಚು ಮತ್ತು ಮೂಲೆಗಳಲ್ಲಿ. ತೆರೆದ ಜಗಲಿಯಾದರೆ ಕೆಳಗಿನಿಂದಲೂ ಗಾಳಿ ತಳ್ಳುತ್ತದೆ. ನಮ್ಮ ಫಿಟ್ಟರ್ ಅಂಕೋಲೆಯವನು. "ಅಕ್ಕಾ, ನಡುವೆ ಬೇಕಾದ್ರೆ ಸ್ಕ್ರೂ ಉಳಿಸಿ, ಅಂಚಿನಲ್ಲಿ ಮಾತ್ರ ಉಳಿಸಬೇಡಿ" ಅಂದ. ಅಂಚಿನ ಸಾಲುಗಳಲ್ಲಿ ಹತ್ತಿರ ಹತ್ತಿರ ಹಾಕಿದ. ನಡುವೆಯೂ ನಾನು ಉಳಿಸಲು ಬಿಡಲಿಲ್ಲ, ಅದು ಬೇರೆ ಮಾತು. ಸ್ಕ್ರೂ ಗಟ್ಟಿಯಿದ್ದು ಫ್ರೇಮೇ ಗೋಡೆಗೆ ಸುಮ್ನೆ ಕೂತಿದ್ದರೆ ಫ್ರೇಮ್ ಸಮೇತ ಏಳುತ್ತದೆ. ಚಿರೇಕಲ್ಲಿನ (ಕೆಂಪು ಕಲ್ಲಿನ) ಗೋಡೆಯ ಮೇಲೆ ಕಾಂಕ್ರೀಟ್ ಪಟ್ಟಿ ಹಾಕಿ, ಅದರೊಳಗಿನಿಂದ ಬೋಲ್ಟ್ ಎಬ್ಬಿಸಿ ಫ್ರೇಮ್ ಬಿಗಿಸುವುದು ಸರಿ. ಈ ಖರ್ಚು ಕೊಟೇಶನ್‌ನಲ್ಲಿ ಇದೆಯೇ ಅಂತ ಕೇಳಿ. ಹೆಚ್ಚಾಗಿ ಇರುವುದಿಲ್ಲ.

ಸಮುದ್ರದ ಉಪ್ಪುಗಾಳಿಯಲ್ಲಿ ಶೀಟು ಮೊದಲು ಕೆಡುವುದು ಕತ್ತರಿಸಿದ ಅಂಚಿನಲ್ಲಿ ಮತ್ತು ಸ್ಕ್ರೂ ಸುತ್ತ. ಕಿಡಿ ಹಾರುವ ಗ್ರೈಂಡರ್‌ನಲ್ಲಿ ಕತ್ತರಿಸಿದರೆ ಲೇಪ ಸುಟ್ಟುಹೋಗುತ್ತದೆ, ತಗಡು ಕತ್ತರಿಯೇ ಆಗಬೇಕು. ತೂತು ಕೊರೆದಾಗ ಬಿದ್ದ ಕಬ್ಬಿಣದ ಚೂರನ್ನು ಅದೇ ಸಂಜೆ ಗುಡಿಸಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಹೊಸ ಶೀಟಿನ ಮೇಲೆ ಕೆಂಪು ಚುಕ್ಕಿ. ಸ್ಕ್ರೂ ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಸೀಳುತ್ತದೆ. ಸೋರುವುದು ಬಹುಪಾಲು ಅಲ್ಲಿಂದಲೇ.

ಬಲ್ಕಾಂವ್‌ನ ಜೋಡಿ ಮಾಡು ಎಲ್ಲರಿಗೂ ಇಷ್ಟ, ನನಗೆ ಅಷ್ಟಿಲ್ಲ. ಕೆಳಗೆ ಶೀಟು ಇರುವುದರಿಂದ ಸೋರುವುದಿಲ್ಲ, ಮೇಲೆ ಹೆಂಚು ಇರುವುದರಿಂದ ಸದ್ದೂ ಕಾವೂ ಕಡಿಮೆ. ನಿಜ. ಆದರೆ ಎರಡರ ನಡುವೆ ಎಲೆ ಸೇರುತ್ತದೆ, ಇಲಿ ಸೇರುತ್ತದೆ, ನೀರು ತಡೆದು ನಿಲ್ಲುತ್ತದೆ. ಸ್ಕ್ರೂಗೆ ತುಕ್ಕು ಹಿಡಿದರೆ ಕೆಳಗಿನಿಂದಲೂ ಕಾಣಿಸುವುದಿಲ್ಲ, ಮೇಲಿನಿಂದಲೂ ಕಾಣಿಸುವುದಿಲ್ಲ. ನೋಡಬೇಕೆಂದರೆ ಹೆಂಚೆಲ್ಲ ಇಳಿಸಬೇಕು. ಭಾರವೂ ಎರಡು, ಖರ್ಚೂ ಎರಡು.

ಸಿಮೆಂಟ್ ಶೀಟಿನ ಬಗ್ಗೆ ಎರಡೇ ಮಾತು. ಅಗ್ಗ, ತುಕ್ಕಿಲ್ಲ. ಆದರೆ ಕಾಲಿಟ್ಟರೆ ಮುರಿಯುತ್ತದೆ, ಹಳೆಯದರಲ್ಲಿ, ಎಷ್ಟೋ ಹೊಸದರಲ್ಲೂ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಅದರ ದೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ತೆಗೆಸುವಾಗ ನೀರು ಚಿಮುಕಿಸಿ, ಒಡೆಯದೆ ಇಡೀ ಶೀಟನ್ನೇ ಇಳಿಸಬೇಕು.

ಯಾವುದನ್ನೇ ಆರಿಸಿ, ಮೇ ತಿಂಗಳಲ್ಲಿ ಮಾಡು ಬಿಚ್ಚಬೇಡಿ. ಮಳೆ ಜೂನ್‌ಗೆ ತಾನೇ ಅಂತ ಇಲ್ಲಿ ತುಂಬಾ ಜನ ಹಾಗೇ ಮಾಡುತ್ತಾರೆ. ತೌಕ್ತೆ ಚಂಡಮಾರುತ ಗೋವಾದ ಪಕ್ಕದಲ್ಲೇ ಹಾದುಹೋದದ್ದು 2021ರ ಮೇ 16ಕ್ಕೆ. ಮರ, ಕರೆಂಟ್ ಕಂಬ ಎಲ್ಲ ಉರುಳಿದವು. ಫೆಬ್ರವರಿ, ಮಾರ್ಚ್ ಒಳ್ಳೆಯದು. ಅದಕ್ಕೂ ಮೊದಲೇ ಪಂಚಾಯ್ತಿಯಲ್ಲಿ ಪರವಾನಗಿ ವಿಚಾರಿಸಿಕೊಳ್ಳಿ, ಮಾಡಿನ ಎತ್ತರ ಬದಲಾಗುವುದಾದರೆ ಇನ್ನೂ ಮುಖ್ಯ.

ನನ್ನ ಆಯ್ಕೆ ಹೀಗೆ: ಮಲಗುವ, ಕೂರುವ ಜಾಗಕ್ಕೆ ಕಬ್ಬಿಣದ ಫ್ರೇಮ್ ಮೇಲೆ ಹೆಂಚು. ಅಂಚಿನ ಎರಡು ಸಾಲನ್ನು ತಂತಿಯಲ್ಲಿ ರೀಪಿಗೆ ಕಟ್ಟಿಸಬೇಕು, ಹೆಂಚಿನ ಹಿಂದಿನ ಕಿವಿಯಲ್ಲಿ ಅದಕ್ಕೆಂದೇ ತೂತಿರುತ್ತದೆ. ಜಗಲಿ, ಕಟ್ಟಿಗೆ ಕೊಟ್ಟಿಗೆಗೆ ಶೀಟು ಸಾಕು. ಅಡುಗೆಮನೆಗೆ ಶೀಟೇ ಆಗಬೇಕಿದ್ದರೆ ಕೆಳಗೆ ಶಾಖ ತಡೆಯುವ ಹಾಳೆ ಹಾಕಿಸಿ. ಬಲ್ಕಾಂವ್‌ನದನ್ನು ಬರುವ ಫೆಬ್ರವರಿಯಲ್ಲಿ ಬಿಚ್ಚಿಸಿ ಬರೀ ಹೆಂಚು ಹಾಕಿಸುತ್ತೇನೆ. ಮನೆಯವರು ಇನ್ನೂ ಒಪ್ಪಿಲ್ಲ.