ಮಲೆನಾಡಿನ ಮಳೆಗಾಲ ದಾಟಿದ ಕೆನ್ನರ್ ಗಾಡಿಗಳು: ದೀರ್ಘ ಬಳಕೆಯ ವಿಮರ್ಶೆ

ಅಮೆರಿಕದ ಕೆನ್ನರ್ ಕಂಪನಿ ಮಾಡಿದ ಹಳೆಯ ಸ್ಟಾರ್ ವಾರ್ಸ್ ಸಿನಿಮಾದ ಆಟಿಕೆ ಗಾಡಿ ಕೊಳ್ಳುವವರಿಗೆ ಎಲ್ಲರೂ ಹೇಳುವ ಮೊದಲ ಮಾತು, ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಹಳದಿಯಾಗುತ್ತೆ ಅಂತ. ಸರಿಯೇ. ಆದರೆ ನಮ್ಮ ಸಾಗರದ ಕಡೆ ಆರಿದ್ರಾ ಮಳೆ ಹಿಡಿದರೆ ಬಿಸಿಲಿನ ಮುಖ ನೋಡೋದೇ ಕಷ್ಟ. ಇಲ್ಲಿ ಗಾಡಿ ಹಾಳು ಮಾಡೋದು ತೇವ. ಹಲವು ಮಳೆಗಾಲ ಇವನ್ನು ಕಾಪಾಡಿಕೊಂಡು ಬಂದ ಮೇಲೆ, ನಮ್ಮ ಊರಿಗೆ ಯಾವುದು ಸರಿ ಅನ್ನೋದು ನನಗೆ ಸ್ಪಷ್ಟವಾಗಿದೆ.

1978ರ ಲ್ಯಾಂಡ್‌ಸ್ಪೀಡರ್. ಸಿನಿಮಾದಲ್ಲಿ ನೆಲ ಮುಟ್ಟದೆ ತೇಲಿ ಓಡುವ ಗಾಡಿ. ಕಣ್ಣು ಮುಚ್ಚಿ ತಗೊಳ್ಳಿ.

ಇದರಲ್ಲಿ ಸೆಲ್ಲಿಲ್ಲ, ವೈರಿಲ್ಲ, ಲೈಟಿಲ್ಲ. ಹೊಟ್ಟೆಯ ಕೆಳಗೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಚಕ್ರಗಳಿವೆ, ಮೇಲಿಂದ ನೋಡಿದರೆ ಕಾಣಲ್ಲ. ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಬೆರಳಲ್ಲಿ ಸ್ವಲ್ಪ ತಳ್ಳಿದರೆ ಸಾಕು, ಮೇಲೆ ಕೆಳಗೆ ತೂಗಾಡುತ್ತಾ ನೆಲದಿಂದ ಒಂದಿಷ್ಟು ಎತ್ತರದಲ್ಲಿ ತೇಲಿಕೊಂಡು ಹೋದ ಹಾಗೇ ಕಾಣುತ್ತೆ. ನಲವತ್ತು ವರ್ಷ ದಾಟಿದ ಸ್ಪ್ರಿಂಗ್ ಇನ್ನೂ ಹಾಗೇ ಇದೆ! ಮುಂದೆ ಇಬ್ಬರು ಕೂರಬಹುದು, ಹಿಂದೆ ಇಬ್ಬರನ್ನು ನಿಲ್ಲಿಸಬಹುದು. ಗೊಂಬೆಯ ಪಾದದ ತೂತು ಅಲ್ಲಿರುವ ಮೊಳೆಗೆ ಸರಿಯಾಗಿ ಕೂರುತ್ತೆ.

ಆಗಿನ ದೊಡ್ಡ ಗೊಂಬೆಗಳು 12 ಇಂಚು. ಅಷ್ಟು ದೊಡ್ಡವರು ಹತ್ತುವ ಆಕಾಶನೌಕೆ ಮಾಡಿದರೆ ಇಡೋಕೆ ಜಾಗವೆಲ್ಲಿ, ಕೊಳ್ಳೋಕೆ ದುಡ್ಡೆಲ್ಲಿ? ಕೆನ್ನರ್‌ನವರು ಗೊಂಬೆಯನ್ನು 3¾ ಇಂಚಿಗೆ ಇಳಿಸಿದ್ದರಿಂದಲೇ ಇಷ್ಟೆಲ್ಲ ಗಾಡಿಗಳು ಬಂದವು. ನನಗೆ ಗೊಂಬೆಗಿಂತ ಗಾಡಿ ಮೇಲೆ ಪ್ರೀತಿ ಜಾಸ್ತಿ, ಅದಕ್ಕೂ ಇದೇ ಕಾರಣ. ಗೊಂಬೆ ಸುಮ್ನೆ ನಿಂತಿರುತ್ತೆ. ಗಾಡಿಗೆ ಹತ್ತಿಸಿದಾಗ ಅದಕ್ಕೊಂದು ಕೆಲಸ ಸಿಗುತ್ತೆ.

ಎಕ್ಸ್-ವಿಂಗ್ ಅನ್ನೋ ಯುದ್ಧನೌಕೆ ಕೂಡ 1978ರದ್ದೇ. ಹಿಂದೆ ಇರುವ ಪುಟ್ಟ ರೋಬೋ ಆರ್‌ಟು-ಡಿಟು ತಲೆ ಒತ್ತಿದರೆ ನಾಲ್ಕೂ ರೆಕ್ಕೆ ಫಟ್ಟಂತ ಬಿಚ್ಚಿಕೊಳ್ಳುತ್ತವೆ. ಆ ಖುಷಿಗೆ ಸಾಟಿಯಿಲ್ಲ. ಆದರೆ ಇದಕ್ಕೆ ಲೈಟು, ಸದ್ದು ಎರಡೂ ಇದೆ, ಅಂದರೆ ಸೆಲ್ ಬೇಕು. ನನಗೆ ಬಂದದ್ದರಲ್ಲಿ ಹಳೇ ಸೆಲ್ ಸೋರಿ ಸ್ಪ್ರಿಂಗ್ ಸುತ್ತ ಬಿಳಿ ಪುಡಿ ಕಟ್ಟಿತ್ತು, ಬುಡದಲ್ಲಿ ಹಸಿರು ಕಿಲುಬು. ವಿದೇಶದ ಆ ಮಾರಾಟಗಾರ ‘ಎಲ್ಲಾ ಸರಿಯಿದೆ’ ಅಂತ ಬರೆದಿದ್ದ, ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ. ಆಲ್ಕಲೈನ್ ಸೆಲ್ಲಿನಿಂದ ಸೋರೋದು ಕ್ಷಾರ. ಹತ್ತಿಗೆ ಒಂದು ಹನಿ ವಿನೆಗರ್ ತಾಗಿಸಿ ಒರೆಸಿದರೆ ನೊರೆ ಬಂದು ಬಿಡುತ್ತೆ, ಆಮೇಲೆ ಚೆನ್ನಾಗಿ ಒಣಗಿಸಬೇಕು. ಒಣಗಿಸೋದೇ ನಮ್ಮಲ್ಲಿ ಕಷ್ಟ, ಅಲ್ವಾ? ಒಂದು ಸಲ ತುಕ್ಕು ಶುರುವಾದರೆ ಪ್ರತಿ ಮಳೆಗಾಲವೂ ಬಿಚ್ಚಿ ನೋಡಬೇಕು. ಇನ್ನೊಂದು ಯುದ್ಧನೌಕೆಯಾದ ಟೈ ಫೈಟರ್‌ದೂ ಇದೇ ಕಥೆ.

ಡಬ್ಬಿಯ ಸಮೇತ ಸಿಕ್ಕರೆ ಬೆಲೆ ಎಷ್ಟೋ ಪಟ್ಟು ಏರುತ್ತೆ. ಮಲೆನಾಡಿನವರು ಆ ದುಡ್ಡು ಕೊಡಬೇಡಿ ಅಂತ ಖಂಡಿತವಾಗಿ ಹೇಳ್ತೀನಿ. ಇಲ್ಲಿ ರಟ್ಟಿಗೆ ಬೂಷ್ಟು ಹಿಡಿಯೋದು ಬಹಳ ಬೇಗ. ಕಾಗದದ ಸ್ಟಿಕ್ಕರ್‌ಗಳೂ ಅಷ್ಟೇ, ಮೊದಲು ಒಂದು ಮೂಲೆ ಏಳುತ್ತೆ, ಆ ಸಂದಿಗೆ ಧೂಳು ಸೇರಿ ಕಪ್ಪಾಗುತ್ತೆ. ಹೊಸದಾಗಿ ಅಚ್ಚು ಹಾಕಿದ ಸ್ಟಿಕ್ಕರ್ ಸಿಗುತ್ತವೆ, ಆದರೂ ನಾನು ಹಳೆಯದನ್ನು ಕಿತ್ತಿಲ್ಲ. ಬಣ್ಣ ಮಾಸಿದ್ದರೂ ಅದು ಆ ಗಾಡಿಯದೇ.

ಇಡೋದಕ್ಕೆ ಗಾಜಿನ ಬೀರು ಸಾಲದು. ಜೂನ್ ಬರುವ ಮೊದಲೇ ನಾನು ಎಲ್ಲವನ್ನೂ ಹಪ್ಪಳ ಸಂಡಿಗೆ ಇಡುವಂಥ ಗಾಳಿಯಾಡದ ಡಬ್ಬಕ್ಕೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಇಡ್ತೀನಿ. ಬಣ್ಣ ಬದಲಾಗುವ ಜಾತಿಯದ್ದೇ ತಗೊಳ್ಳಿ, ತೇವ ಕುಡಿದದ್ದು ಕಣ್ಣಿಗೇ ಗೊತ್ತಾಗುತ್ತೆ. ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬಹುದು.

ಇಷ್ಟಾದರೂ ಎಕ್ಸ್-ವಿಂಗೇ ಬೇಕು ಅನ್ನುವವರು, ದುಡ್ಡು ಹಾಕುವ ಮೊದಲು ಸೆಲ್ ಹಾಕುವ ಜಾಗದ ಮುಚ್ಚಳ ತೆಗೆಸಿ ಫೋಟೋ ಕೇಳಿ. ಕೊಡದಿದ್ದರೆ ಬೇರೆಯವರ ಹತ್ತಿರ ನೋಡಿ.